ಎಷ್ಟಾತು?

ಸಪ್ತಾಪುರದಾಗ, ಕಾಲೇಜ ಗೇಟಿನ ಎದುರಿಗೆ
ನನ್ನ ಝೆರಾಕ್ಸ ಅಂಗಡಿ.
ಒಂದ ಕಡೆ ಕೆಎಎಸ್ ಓದೋ ಹುಡುಗೂರ ನೋಟ್ಸಿನ ಗಂಟು,
ಇನ್ನೊಂದ ಕಡೆ ಖಿಡಕಿ. ಖಿಡಕಿ ತುಂಬ ಬಾಸ್ಕೆಟ್‌ಬಾಲ್ ಕೋರ್ಟು.
ಮಷೀನು ಬಿಸಿ ಆಗೂತನಕ ನೋಡೂಣು ಅಂತ ನಿಂತಾಕಿ
ಹದಿನೇಳ ವರ್ಷ ಹಂಗ ನಿಂತೀನಿ.

ಯಲಿಗಾರ ಸರ್ ಬಂದ ಆರ ವರ್ಷಾತು.
ಬಂದಾಗ ಬಿಳಿ ಬೂಟು, ಕೊರಳಾಗ ಹೊಸಾ ಸೀಟಿ.
ಪಾನಂಗಡಿ ರುದ್ರಪ್ಪ, ವಾಚಮನ್ ಕಲ್ಲಪ್ಪ, ನಾನು
"ಈತ ಏನರ ಮಾಡ್ತಾನ ಬಿಡು" ಅಂದಿದ್ವಿ.
ಮಾಡಿದರು.
ಎರಡ ಸಲ ಸೆಮಿಫೈನಲ್ಲಿನಾಗ ಸೋತರು,
ನಾಕ ಸಲ ಅಲ್ಲೀತನಾನೂ ಹೋಗಲಿಲ್ಲ.

ಹುಡುಗೂರನ್ನ ಹೆಂಗ ಆರಿಸ್ತಾರ ಅಂತ
ಯಾರೂ ನನಗ ಹೇಳಬೇಕಾಗಿಲ್ಲ.
ಸ್ಪೋರ್ಟ್ಸ್ ಕೋಟಾದ ಫಾರ್ಮೆಲ್ಲಾ
ನನ್ನ ಗಾಜಿನ ಮ್ಯಾಲೆ ಬೋರಲ ಬಿದ್ದ ಎದ್ದ ಹೋಗತಾವ.
ಎತ್ತರ: ಆರಡಿ ಎರಡು. ಟಿಕ್.
ಎತ್ತರ: ಆರಡಿ ಮೂರು. ಟಿಕ್, ಸುತ್ತ ಒಂದು ಕೆಂಪ ಗೆರಿ.
ಆ ಆರಡಿ ಮೂರು
ಬಾಲ್ ಹಿಡಿದರ ಕುಂಬಳಕಾಯಿ ಹೊತ್ತಂಗ,
ಹಾರು ಅಂದರ ಕಾಲ ನೋಡಕೋತ ನಿಲ್ಲತಿದ್ದ.
ತೆಂಗಿನ ಮರಾ ನೆಟ್ಟರ
ಕಾಯಿ ತಾನ ಹೋಗಿ ಬುಟ್ಟಿಗೆ ಬೀಳತಾವೇನ್ರಿ ಸರ?

ದಾವಲಸಾಬ ನದಾಫನ ಫಾರ್ಮೂ ನಾನ ಮಾಡಿದ್ದು.
ಬೆಟಗೇರಿ ಹುಡುಗ, ಅಪ್ಪ ಗಾದಿ ಹೊಲಿತಾನ.
ಐದಡಿ ಆರು.
ಮೊದಲನೇ ಪ್ರತಿ ಕಪ್ಪಾಗಿ ಬಂತು,
ಫೋಟೋದಾಗ ಹಲ್ಲಷ್ಟ ಬೆಳ್ಳಗ.
ಅದನ್ನ ಮೊಳಿಗೆ ಚುಚ್ಚಿ ಇನ್ನೊಂದ ಮಾಡಿಕೊಟ್ಟೆ.
ಟ್ರಯಲ್ ದಿನ ಜಿಟಿಜಿಟಿ ಮಳಿ,
ಸಿಮೆಂಟು ಜಾರತಿತ್ತು.
ಅಂವ ಬರಿಗಾಲಿಲೆ, ಆ ಉದ್ದನ್ನವರ ನಡುವ,
ಹತ್ಯಾಗ ಸೂಜಿ ಹೊಕ್ಕಂಗ ಹೊಕ್ಕ
ಆ ಕಡೆ ಹೊರಗ ಬಂದ.
ರುದ್ರಪ್ಪ ಎಲಿಗೆ ಸುಣ್ಣ ಹಚ್ಚೋದ ಬಿಟ್ಟ.
ಸರ್ ಮಾತ್ರ ಟೇಪಿನ ತುದಿ ನೋಡಿದರು.
"ಮುಂದಿನ ವರ್ಷ ಬಾ. ಬೆಳದ ಬಾ."

ಮುಂದಿನ ವರ್ಷ ಬಂದ.
ಹುಬ್ಬಳ್ಳಿ ಕಾಲೇಜಿನ ಬನಿಯನ್ ಹಾಕ್ಕೊಂಡು, ನಂಬರ ನಾಕು.
ಬೆಳದಿರಲಿಲ್ಲ. ಒಂದ ಇಂಚೂ.
ಎಂಬತ್ತೆರಡು, ಐವತ್ತೊಂದು.
ಮೂರನೇ ಕ್ವಾರ್ಟರಿನಾಗ ಖಿಡಕಿ ಸರಳ ಹಿಡದು ಒದರಿದೆ:
"ಯಲಿಗಾರಾ, ಟೈಮೌಟ್ ಆದ್ರೂ ತಗೋಳೋ,
ಅದಕ್ಕೇನ ರೊಕ್ಕ ಬೀಳೂದಿಲ್ಲ!"
ಗಿರಾಕಿ ಒಬ್ಬಂವ ಬೆದರಿ
ಸಂವಿಧಾನದ ಭಾಗ ಮೂರನ್ನ ಅರ್ಧಕ್ಕ ಬಿಟ್ಟ ಹೋದ.

ಮರುದಿನ ಸಂಜಿಕೆ ಸರ್ ಬಂದರು.
ಕೊರಳಾಗ ಸೀಟಿ ಇರಲಿಲ್ಲ.
ಕೈಯಾಗ ಒಂದ ಪತ್ರ. ಆರು ಪ್ರತಿ ಬೇಕಂತ.
ರಾಜೀನಾಮೆ ಅಂತ ತಿಳದು ನನ್ನ ಕೈ ಚುರುಕಾತು.
ಗಾಜಿನ ಮ್ಯಾಲೆ ಇಡೂಮುಂದ ಓದಿದೆ:
ಮಾನ್ಯ ಪ್ರಾಚಾರ್ಯರಿಗೆ, ಎರಡು ಬಾಲು ಹಾಗೂ
ರಿಂಗಿನ ಬಲೆ ಕೊಡಿಸಬೇಕಾಗಿ ವಿನಂತಿ.
ತಾರೀಖಿನ ಕೆಳಗ ವೈಟ್ನರು. ಅದರ ಕೆಳಗ ಹೋದ ವರ್ಷ.
ಅದರ ಕೆಳಗ ಅದರ ಹಿಂದಿಂದು,
ಹಳೇ ಗ್ವಾಡಿ ಸುಣ್ಣದಂಗ ಉಬ್ಬಿತ್ತು.
ವರ್ಷಾ ಇದನ್ನ ನಾನ ಮಾಡಿಕೊಟ್ಟೀನಿ.
ಓದಿರಲಿಲ್ಲ.

ಖರೇ ಹೇಳತೀನಿ, ಮನಸು ಒಂದ ಗಳಿಗಿ ಮೆತ್ತಗಾತು.
ಆದರ ಬಾಲಿಲ್ಲಂತ ದಾವಲ ಹೋದನೇನು?
ಟೇಪ್ ಹಿಡದದ್ದು ಪ್ರಾಚಾರ್ಯರ ಕೈ ಅಲ್ಲ.
ಮೊಳಿ ಮ್ಯಾಲೆ ಆ ಕಪ್ಪ ಪ್ರತಿ
ಫ್ಯಾನಿನ ಗಾಳಿಗೆ ಹಲ್ಲ ತೋರಿಸಕೋತಿತ್ತು.

"ಎಷ್ಟಾತು ಅಕ್ಕಾರ?"

ಪ್ರತಿಗೆ ಎರಡರಂಗ ಹನ್ನೆರಡು.
"ಮೂವತ್ತೊಂದು" ಅಂದೆ.

ತಲಿ ಎತ್ತಿ ನೋಡಿದರು. ನಾನೂ ನೋಡಿದೆ.
ಹತ್ತರ ಮೂರ ನೋಟು ಇಟ್ಟರು.
ಆಮ್ಯಾಲೆ ಅಂಗಿ ಕಿಸೆ, ಪ್ಯಾಂಟಿನ ಎರಡೂ ಕಿಸೆ,
ತಿರುಗಿ ಅಂಗಿ ಕಿಸೆ,
ಒಂದು ರೂಪಾಯಿ ಹುಡುಕಿದರು.
ಇರಲಿ ಬಿಡ್ರಿ ಅನ್ನಬಹುದಿತ್ತು.
ಕೈ ಚಾಚಿಕೊಂಡ ನಿಂತೆ.