ಎರಡು ನೀರು

ಆರು ವರ್ಷದಿಂದ ಈಜುಕೊಳಕ್ಕೆ ಬೀಗ.
ಕರೆಂಟು ಬಿಲ್ಲಿನ ಮುಂದೆ ಪುರಸಭೆ ಕೈಚೆಲ್ಲಿತ್ತು.
ನೀಲಿ ಬಿಲ್ಲೆಯ ತಳದಲ್ಲಿ
ಶಾಲೆಯ ಮುರಿದ ಬೆಂಚು, ಒಂಟಿ ಸ್ಕೀ,
ಯಾರೋ ಮರೆತ ಈಜುಗನ್ನಡಕ.
ಹೊರಗೆ, ನಾರ್ವೆಯ ನೆತ್ತಿಯ ಈ ದ್ವೀಪದ ಸುತ್ತ
ಬೇಕಾದಷ್ಟು ನೀರು.
ಬಿದ್ದವನಿಗೆ ಹತ್ತು ನಿಮಿಷ, ಹೆಚ್ಚೆಂದರೆ.

ನಾನು ಕೊಳಾಯಿ ಕೆಲಸದವನು.
ಭಾಷಣ ಬಾರದು, ಬೆಸುಗೆ ಬರುತ್ತದೆ.
ಸಭೆಗೆ ಕರೆದರು, ಕಾಫಿ ಇದೆ ಎಂದರು, ಹೋದೆ.

ಮೇಜಿನ ಈ ತುದಿಗೆ ಮೀನು ಕಾರ್ಖಾನೆಯ ಗುನ್‌ವೋರ್,
ಆ ತುದಿಗೆ ಶಾಲೆಯ ಮುಖ್ಯೋಪಾಧ್ಯಾಯ,
ನಡುವೆ ದಾದಿ ಓಡ್ನಿ, ಅವಳ ದಪ್ಪ ವಹಿ:
ಊರಿನಲ್ಲಿ ಎಷ್ಟು ಮಂಡಿ, ಎಷ್ಟು ಸೊಂಟ, ಎಷ್ಟು ಸಕ್ಕರೆ,
ಸೂರ್ಯ ಮುಖ ತೋರದ ಎಂಟು ವಾರ
ಎಷ್ಟು ಮಂದಿ ಸೋಫಾ ಬಿಟ್ಟು ಏಳುವುದಿಲ್ಲ.
ಪಾದ್ರಿ ಐವಿಂದ್ ತಡವಾಗಿ ಬಂದರು.
ಇಗರ್ಜಿಯ ವ್ಯಾನಿನ ಕೀಲಿಯನ್ನು ಮೇಜಿನ ಮೇಲಿಟ್ಟು
ಸುಮ್ಮನೆ ಕೂತರು.

ಗುನ್‌ವೋರ್ ಹೇಳಿದಳು:
ಮೀನು ತಣ್ಣಗಿಡುವ ನನ್ನ ಯಂತ್ರಗಳು
ಹಗಲಿರುಳು ಬಿಸಿ ಉಗುಳುತ್ತವೆ,
ಸಮುದ್ರಕ್ಕೆ ಚೆಲ್ಲುತ್ತಿದ್ದೇನೆ. ಬೇಕಾದವರು ಒಯ್ಯಿರಿ.
ಎಲ್ಲರೂ ನನ್ನ ಕಡೆ ತಿರುಗಿದರು.

ಹನಿಗೂಡಿದರೆ ಹಳ್ಳ, ಸರಿ.
ಹಳ್ಳ ಬೆಚ್ಚಗಾಗುವ ಲೆಕ್ಕ ಬೇರೆ.
ನೆಲ ಹೆಪ್ಪುಗಟ್ಟುವ ಮೊದಲು ನಾನೂರು ಮೀಟರ್ ಕಾಲುವೆ;
ಶನಿವಾರ ಶನಿವಾರ, ಫುಟ್‌ಬಾಲ್ ಹುಡುಗರು ತಮ್ಮ ಮೈದಾನವನ್ನೇ ಅಗೆದರು.
ಜಗಳ? ಇತ್ತು.
ಕ್ಲೋರಿನ್ ಯಾರ ಖರ್ಚು ಎಂದು ಒಪ್ಪಂದದಲ್ಲಿ ಬರೆದಿರಲಿಲ್ಲ;
ಒಂದು ತಿಂಗಳು ಯಾರೂ ಯಾರಿಗೂ ನಮಸ್ಕಾರ ಹೇಳಲಿಲ್ಲ.

ಮೀನಿನ ವಾಸನೆ ಬರುವುದಿಲ್ಲವೇ ಎಂದು ದಿನವೂ ಕೇಳುತ್ತಾರೆ.
ಬರುವುದಿಲ್ಲ. ತೋರಿಸುತ್ತೇನೆ, ಬನ್ನಿ:
ಈ ಪೆಟ್ಟಿಗೆಯೊಳಗೆ ತೆಳು ತಗಡು,
ಅದರ ಆಚೆ ಒಂದು ನೀರು, ಈಚೆ ಒಂದು ನೀರು.
ಒಂದನ್ನೊಂದು ಮುಟ್ಟುವುದಿಲ್ಲ, ಬೆರೆಯುವುದಿಲ್ಲ,
ಬೆನ್ನಿಗೆ ಬೆನ್ನು ತಾಗಿಸಿ ಹಾದುಹೋಗುತ್ತವೆ.
ಅಷ್ಟೇ ಸಾಕು.

ಗುರುವಾರ ದೊಡ್ಡವರ ಪಾಠ.
ಲೆಮ್ಲೆಮ್ ಕಾರ್ಖಾನೆಯಲ್ಲಿ ಮೀನು ಸೀಳುವವಳು, ಎರಿಟ್ರಿಯಾದವಳು.
ರಬ್ಬರ್ ದೋಣಿಯಲ್ಲಿ ಒಂದು ಸಮುದ್ರ ದಾಟಿ ಬಂದವಳು
ಎದೆಮಟ್ಟದ ನೀರಿನಲ್ಲಿ
ಮೂರು ಗುರುವಾರ ಕಂಬಿ ಬಿಡಲಿಲ್ಲ.
ನಾಲ್ಕನೆಯದರಲ್ಲಿ ಒಂದು ಕೈ.
ಏಳನೆಯದರಲ್ಲಿ, ನಾನು ಕವಾಟ ತಿರುಗಿಸುತ್ತಿದ್ದೆ, ನೋಡಲಿಲ್ಲ,
ಹೆಂಗಸರ ಕೂಗು ಮಾತ್ರ ಕೇಳಿಸಿತು.

ಆರ್ನ್‌ಫಿನ್ ವ್ಯಾನು ಓಡಿಸುತ್ತಿದ್ದ,
ನಲವತ್ತಾರು ವರ್ಷ ಕಡಲಲ್ಲಿ ಕಳೆದವನು.
ಉಣ್ಣೆಯ ಕಾಲುಚೀಲದಲ್ಲೇ ದಡದ ಬೆಂಚಿಗೆ ಅಂಟಿರುತ್ತಿದ್ದ.
ಇಳಿ ಎಂದರೆ: ಇದು ಕೂಸುಗಳ ಸ್ನಾನ.
ಈಜು ಏಕೆ ಕಲಿಯಲಿಲ್ಲ ಎಂದರೆ:
ನಮ್ಮಲ್ಲಿ ಯಾರೂ ಕಲಿಯುತ್ತಿರಲಿಲ್ಲ.
ಈಜು ಬಂದರೆ ಸಾಯುವುದು ತಡವಾಗುತ್ತದೆ.

ಮೇ ತಿಂಗಳು. ಕಾಡ್ ಮೀನಿನ ಕಾಲ ಮುಗಿಯಿತು.
ಯಂತ್ರಗಳು ಒಂದೊಂದಾಗಿ ಸುಮ್ಮನಾದವು.
ಒಪ್ಪಂದದಲ್ಲಿ ಇದೂ ಇರಲಿಲ್ಲ.
ಓಡ್ನಿ ಮತ್ತೆ ಸಭೆ ಕರೆದಳು, ಕಾಫಿ ಇದೆ ಎಂದಳು.
ನೀರು ದಿನಕ್ಕೊಂದು ಡಿಗ್ರಿ ಇಳಿಯಿತು.
ಮಕ್ಕಳು ಬಿಟ್ಟರು, ಮಂಡಿನೋವಿನವರು ಬಿಟ್ಟರು,
ಕೊನೆಯ ಗುರುವಾರ ಲೆಮ್ಲೆಮ್ ಒಬ್ಬಳೇ, ತುಟಿ ನೀಲಿಯಾಗಿ.

ಆಗ ಆರ್ನ್‌ಫಿನ್ ಕಾಲುಚೀಲ ಕಳಚಿದ.
ಮಡಿಚಿ ಬೆಂಚಿನ ಮೇಲಿಟ್ಟ.
ಏಣಿ ಹಿಡಿದು ಇಳಿದ, ಸೊಂಟದವರೆಗೆ, ಎದೆಯವರೆಗೆ,
ಉಸಿರು ಬಿಗಿಹಿಡಿದು ಹೇಳಿದ:
ಇದು ನನಗೆ ಪರಿಚಯದ ನೀರು.

ಲೆಮ್ಲೆಮ್ ಅವನ ಬೆನ್ನಿನ ಕೆಳಗೆ ಅಂಗೈ ಇಟ್ಟಳು,
ಮೀನಿನ ಭಾರ ತೂಗಿ ಗೊತ್ತಿದ್ದ ಅಂಗೈ.
ಮಲಗು, ಎಂದಳು, ಎಡವುವ ನಾರ್ವೇಜಿಯನ್ನಿನಲ್ಲಿ,
ಕಿವಿಯೊಳಗೆ ನೀರು ಹೋಗಲಿ ಬಿಡು.

ನಾನು ಥರ್ಮಾಮೀಟರ್ ಎತ್ತಿ
ಹತ್ತೊಂಬತ್ತು, ಎಂದೆ.
ಇಬ್ಬರೂ ಕೇಳಿಸಿಕೊಳ್ಳಲಿಲ್ಲ.