ಎರಡು ಬಸವನಹುಳು

ಕೊಯಮತ್ತೂರಿನ ಗುಜರಿಯಿಂದ ಪಾರ್ಸೆಲ್ ಬಂತು.
ರಜಾಕ್ ಗೋಣಿ ಹರಿದು ಬೆಂಚಿನ ಮೇಲಿಟ್ಟ:
ಒಂದು ಚಿಕ್ಕದು, ಒಂದು ಅದಕ್ಕಿಂತ ತುಸು ದೊಡ್ಡದು,
ಯಾವುದೋ ಸತ್ತ ಡೀಸೆಲ್ ಕಾರುಗಳ ಟರ್ಬೊ.
ಚಹಾ ತಂದ ಹೊನ್ನಮ್ಮ ಬಗ್ಗಿ ನೋಡಿದಳು.
"ದುಡ್ಡು ಕೊಟ್ಟು ತರಿಸಿದಿರಾ ಇವನ್ನ?
ಮಳೆ ಬೀಳಲಿ, ನಮ್ಮ ತೋಟಕ್ಕೆ ಬನ್ನಿ,
ಮೂಟೆ ಕಟ್ಟಿ ಪುಕ್ಕಟೆ ಕೊಡ್ತೀನಿ."

ತಪ್ಪೇನಿಲ್ಲ. ಅದೇ ಸುರುಳಿ, ಅದೇ ಅಗಲ ಬಾಯಿ.
ಶನಿವಾರಸಂತೆಯ ಕಾಫಿ ಚಿಗುರು ತಿಂದು
ಉಪ್ಪಿಗೆ ಕರಗುವ ಜೀವ
ಇಲ್ಲಿ ಕಬ್ಬಿಣದಲ್ಲಿ ಕೂತು
ನಿಮಿಷಕ್ಕೆ ಲಕ್ಷ ಸುತ್ತು ತಿರುಗುತ್ತದಂತೆ.

ಕಾರು ಪಿ.ಟಿ. ಟೀಚರ್ ಬೊಳ್ಳಮ್ಮನದು.
ಹೆಸರಿಗೆ ಎಂಟುನೂರು, ಒಳಗೆ ಏಳುನೂರ ತೊಂಬತ್ತಾರೇ ಸಿಸಿ.
ನಾಲ್ಕು ಸಿಸಿಯ ಸುಳ್ಳನ್ನು ಆಕೆ ಎಂದೋ ಕ್ಷಮಿಸಿದ್ದಾಳೆ;
ಗೋಣಿಕೊಪ್ಪದ ಕೆಸರು ರೇಸಿನಲ್ಲಿ
ಕೊನೆಯಿಂದ ಎರಡನೆಯವಳಾದದ್ದನ್ನಲ್ಲ.

ಕಷ್ಟ ಇದ್ದದ್ದು ನನಗೆ, ವೆಲ್ಡಿಂಗಿನವನಿಗೆ.
ಸಿಲಿಂಡರ್ ಮೂರು, ಟರ್ಬೊ ಎರಡು.
ಮೂರು ಮಕ್ಕಳಿಗೆ ಎರಡು ಚಾಪೆ ಹಾಸಿದ ಹಾಗೆ
ಯಾರ ಕಾಲಾದರೂ ನೆಲಕ್ಕೇ.
ಸಿಮೆಂಟಿನ ಮೇಲೆ ಸೀಮೆಸುಣ್ಣದಲ್ಲಿ ಬರೆದೆ, ಅಳಿಸಿದೆ;
ಒಂದು ಸಲ ಕೋಳಿ ಅಳಿಸಿತು.
ಕೊನೆಗೆ ರಜಾಕನೇ ಅಂದ: ಹಂಚಬೇಡ,
ಪಾಳಿ ಮಾಡು.
ಮೊದಲು ಚಿಕ್ಕದು ಏಳಲಿ,
ಅದರ ಏದುಸಿರಿಗೆ ದೊಡ್ಡದು ಕಣ್ಣು ಬಿಡಲಿ.

ಎಸೆಯುವ ಹೊಗೆಯಿಂದಲೇ ಚಕ್ರ ತಿರುಗುವುದು,
ಆ ಚಕ್ರವೇ ಹೊಸ ಗಾಳಿ ಎಳೆಯುವುದು.
ಬಿಟ್ಟ ಉಸಿರೇ ತಗೊಳ್ಳುವ ಉಸಿರಿನ ಕೂಲಿಯಾಳು.
ಇದನ್ನೇ ಯೋಚಿಸುತ್ತ ಒಂದು ಪೈಪು ಓರೆಗೆ ಬೆಸೆದು
ಬೈಸಿಕೊಂಡೆ.

ಮಾರ್ಚಿನಲ್ಲಿ, ಸ್ಪ್ರಿಂಕ್ಲರ್ ನೀರಿಗೆ
ತೋಟವೆಲ್ಲ ಬೆಳ್ಳಗೆ ಅರಳಿದ ಬೆಳಿಗ್ಗೆ ಸ್ಟಾರ್ಟ್ ಮಾಡಿದೆವು.
ಫಿಲ್ಟರಿನ ಬಾಯಿ ಆ ಪರಿಮಳವನ್ನೇ ನುಂಗಿತು.
ಏರು ಹತ್ತುವಾಗ ಎಲ್ಲಿಂದಲೋ ಸಿಳ್ಳೆ, ತೆಳ್ಳಗೆ.
ಬೊಳ್ಳಮ್ಮ ಕೊರಳಿನ ವಿಸಿಲ್ ಮುಟ್ಟಿ ನೋಡಿಕೊಂಡಳು.
ಅದಲ್ಲ.
ಆಮೇಲೆ ಡಬ್ ಎಂದು ಗ್ಯಾಸ್ಕೆಟ್ ಹೋಯಿತು.
ಅಳತೆಕಡ್ಡಿ ಎಳೆದರೆ ತುದಿಗೆ ಎಣ್ಣೆಯಲ್ಲ,
ಹಾಲು ಹೆಚ್ಚಾದ ಕಾಫಿ.
"ಕೊಡಗಿನ ಇಂಜಿನ್ನು," ಎಂದ ರಜಾಕ್. ಯಾರೂ ನಗಲಿಲ್ಲ.

ತಾಮ್ರದ ದಪ್ಪ ಗ್ಯಾಸ್ಕೆಟ್ ಕತ್ತರಿಸಿ ಕೂರಿಸಲು
ಎರಡು ತಿಂಗಳು, ಹನ್ನೊಂದು ರಾತ್ರಿ, ರಜಾಕನ ಒಂದು ಉಗುರು.

ಜೂನ್. ಕೊಡ್ಲಿಪೇಟೆ ರಸ್ತೆ. ಮಳೆ ಆಗಷ್ಟೇ ನಿಂತಿತ್ತು.
ಒತ್ತಿದಳು.
ಏನೂ ಆಗಲಿಲ್ಲ. ಒಂದು ಕ್ಷಣ, ಇನ್ನೊಂದು ಅರ್ಧ.
ಒತ್ತಿದ್ದಕ್ಕೂ ಎಳೆತಕ್ಕೂ ನಡುವಿನ ಆ ತೆರಪು
ಗೆರೆಗೆ ಬೆರಳೂರಿ ವಿಸಿಲಿಗೆ ಕಾದ ಮಕ್ಕಳಿಗೆ ಗೊತ್ತು.
ಆಮೇಲೆ ಚಿಕ್ಕದು. ಆಮೇಲೆ, ಅಯ್ಯೋ, ದೊಡ್ಡದು.
ಬೆನ್ನು ಸೀಟಿಗೆ ಅಂಟಿತು.
ಸಿಲ್ವರ್ ಓಕ್‌ಗಳೆಲ್ಲ ಸೇರಿ ಒಂದೇ ಮರವಾದವು.

ತಿರುವಿನಲ್ಲಿ, ರಸ್ತೆ ತುಂಬ ಅವು,
ನಿಜವಾದವು, ಕೊಂಬು ಚಾಚಿ
ಈ ತೋಟದಿಂದ ಆ ತೋಟಕ್ಕೆ ಹೊರಟಿದ್ದವು.
ಲೋಳೆಯ ಮೇಲೆ ಟೈರು ಹಿಡಿತ ಬಿಟ್ಟಿತು.
ನಾವು ಮೂವರೂ ಮೆಲ್ಲಗೆ, ಬಹಳ ಮೆಲ್ಲಗೆ ಎನಿಸುವಂತೆ
ಕಾಫಿಗಿಡಗಳ ಒಳಗೆ ಹೋಗಿ ನಿಂತೆವು.

ಕೀಗೆ ಕೈ ಹಾಕಿದೆ. ರಜಾಕ್ ತಡೆದ: ಆಫ್ ಮಾಡಬೇಡ,
ಎಣ್ಣೆ ಹರಿಯಲಿ, ಸುತ್ತು ಇಳಿಯಲಿ.
"ಗೊತ್ತು," ಎಂದಳು ಬೊಳ್ಳಮ್ಮ ಹಣೆಯ ಊತ ಒತ್ತಿಕೊಳ್ಳುತ್ತ.
"ಓಡಿ ಬಂದವರು ಕೂಡಲೇ ಕೂರಬಾರದು.
ಇಪ್ಪತ್ತೆರಡು ವರ್ಷದಿಂದ ಅದನ್ನೇ ಕೂಗ್ತಿದ್ದೇನೆ."

ಎರಡು ನಿಮಿಷ.
ಎಲೆಯ ನೀರು ಬಾನೆಟ್ಟಿಗೆ ಬಿದ್ದು ಚುರ್ ಎನ್ನುತ್ತಿತ್ತು.
ಗಿಡದಿಂದ ಗಾಜಿನ ಮೇಲೆ ಬಿದ್ದ ಒಂದು
ಎಳೆದುಕೊಂಡ ಕೊಂಬನ್ನು
ಮತ್ತೆ ಹೊರಗೆ ಹಾಕಿತು.