ಮಗುಚಿ ನೋಡುವುದು

ಉಣ್ಣೆಹಾಸು ಯಾರೇ ತರಲಿ, ಅಯ್ಸಾಲ್ಕಿನ್
ಮೊದಲು ಮಗುಚುತ್ತಾಳೆ.
ಮೇಲಿನ ಬಣ್ಣ ಯಾರನ್ನೂ ಮರುಳು ಮಾಡೀತು,
ಹೊಲಿಗೆಯ ಹಣೆಬರಹ ಇರುವುದು ಬೆನ್ನಲ್ಲಿ.

ಕೋಚ್ಕೋರಿನ ಚಳಿಗೆ ಒಲೆಯ ಪಕ್ಕ ಕೂತು
ಅಳಿಯ ಬೆಕ್ತೂರ್ ಲ್ಯಾಪ್‌ಟಾಪ್ ತೆರೆದ:
ಈ ಹೋಸ್ಟಿಂಗ್ ತಿಂಗಳಿಗೆ ತೊಂಬತ್ತೇ ಸೋಮ್, ಅತ್ತೆ,
ಅಂಗಡಿಗೆ ಜಾಗ, ಹೆಸರು, ಬೀಗ, ಎಲ್ಲ ಸೇರಿ!
‘ಮಗುಚು’ ಎಂದಳು.
ಕೆಳಕ್ಕೆ, ಇನ್ನೂ ಕೆಳಕ್ಕೆ ಸರಿಸಿದ.
ಇರುವೆಸಾಲಿನಂಥ ಅಕ್ಷರ:
ಎರಡನೇ ವರ್ಷದಿಂದ ನಾನೂರ ಇಪ್ಪತ್ತು.
‘ಎಳೆ ಬಿಟ್ಟಿದೆ. ಮುಂದಿನದು.’

ಮುಂದಿನದರಲ್ಲಿ ಎಲ್ಲವೂ ಅಪರಿಮಿತ.
ಅವಳಿಗೆ ನಗು ತಡೆಯಲಿಲ್ಲ:
ಉಣ್ಣೆ ಮುಗಿಯದ ಕುರಿಯನ್ನು
ನಾನಂತೂ ಕಂಡಿಲ್ಲಪ್ಪ.

ಮೂರನೆಯದು ದುಬಾರಿ. ಅಡಿಯಲ್ಲೊಂದು ಫೋನ್ ನಂಬರು.
ಬೆಕ್ತೂರ್ ಗೊರಕೆ ಹೊಡೆಯುವಾಗ, ರಾತ್ರಿ ಎರಡಕ್ಕೆ,
ಕನ್ನಡಕ ಹುಡುಕಿ ಒಂದೊಂದೇ ಅಂಕಿ ಒತ್ತಿದಳು.
ಏಳನೇ ರಿಂಗಿಗೆ ಒಂದು ನಿದ್ದೆಗೆಟ್ಟ ದನಿ,
ಅದರ ಹಿಂದೆಲ್ಲೋ ಕೂಸಿನ ಕೆಮ್ಮು.

‘ಹೇಳಿ, ನಿಮ್ಮ ಅಂಗಡಿ ಬಿದ್ದುಹೋಗಿದೆಯೇ?’

‘ಇನ್ನೂ ಕಟ್ಟಿಯೇ ಇಲ್ಲ’ ಎಂದಳು ಅಯ್ಸಾಲ್ಕಿನ್.
‘ಮೊದಲು ಮಗುವಿನ ಎದೆಗೆ
ಕುರಿಬಾಲದ ಕೊಬ್ಬು ಬಿಸಿಮಾಡಿ ಹಚ್ಚಿ.
ನಾನು ಕಾಯುತ್ತೇನೆ.’